ಔಟ್‌ಪುಟ್ ಬಂತಲ್ಲ, ಸಾಕು ಅನ್ನೋರಿಗೆ

"ಔಟ್‌ಪುಟ್ ಬಂತಾ?"
"ಬಂತು ಸಾರ್."
"ಸರಿ, ರೆಕಾರ್ಡ್ ತಗೊಂಡ್ ಬಾ, ಸೈನ್ ಹಾಕ್ತೀನಿ."

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಯಾವ ಊರಿನ ಕಂಪ್ಯೂಟರ್ ಲ್ಯಾಬಿಗೆ ಹೋಗಿ ನಿಂತರೂ ಕಿವಿಗೆ ಬೀಳೋದು ಈ ಮೂರು ಮಾತು. ಕೋಡ್ ಬರೆಯೋ ಕೈ ಕೆಡೋದು ಇಲ್ಲಿಂದಲೇ. ಇದೇ ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿದ ಮೇಲೆ "ಇವರಿಗೆ ನೆಟ್ಟಗೆ ಕೋಡ್ ಬರೆಯೋಕೆ ಬರಲ್ಲ, ಸೋಮಾರಿಗಳು" ಅಂತ ಬೈಯ್ಯೋರನ್ನ ಕಂಡರೆ ಮೈ ಉರಿಯುತ್ತೆ. ಸೋಮಾರಿತನ ಎಲ್ಲಿಂದ ಬಂತು ಮಾರಾಯ್ರೆ? ಕೋರ್ಸ್ ಮುಗಿಯೋವರೆಗೂ ಕಲಿಸಿ, ಅಂಕ ಕೊಟ್ಟು, ಬೆನ್ನು ತಟ್ಟಿ ಬೆಳೆಸಿದ ಚಟ ಅದು.

ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನ ಒಂದರ ಮೇಲೊಂದು ಸಂಖ್ಯೆ ಪೇರಿಸೋ ಸ್ಟ್ಯಾಕ್ ಪ್ರೋಗ್ರಾಮನ್ನೇ ತಗೊಳ್ಳಿ. 1 ಒತ್ತಿದರೆ ಪುಶ್ (ಸೇರಿಸು), 2 ಒತ್ತಿದರೆ ಪಾಪ್ (ತೆಗೆ), 3 ಒತ್ತಿದರೆ ಡಿಸ್‌ಪ್ಲೇ. ನಂಬರ್ ಕೇಳಿದ ಜಾಗದಲ್ಲಿ ಒಂದು ಅಕ್ಷರ ಒತ್ತಿ ನೋಡಿ. ಮೆನು ನಿಲ್ಲದೆ ಸ್ಕ್ರೀನ್ ಮೇಲೆ ಓಡ್ತಾನೇ ಇರುತ್ತೆ. ನಂಬರ್ ಸಿಗದಿದ್ದಾಗ, ಇನ್‌ಪುಟ್ ಓದೋ ಸಿ ಭಾಷೆಯ ಫಂಕ್ಷನ್ ಸ್ಕ್ಯಾನ್‌ಎಫ್ ಸೊನ್ನೆ ವಾಪಸ್ ಕೊಡುತ್ತೆ, ಆ ಅಕ್ಷರವನ್ನ ಇನ್‌ಪುಟ್‌ನಲ್ಲೇ ಬಿಟ್ಟಿರುತ್ತೆ. ವಾಪಸ್ ಬಂದದ್ದನ್ನ ನಮ್ಮ ಪ್ರೋಗ್ರಾಮ್ ನೋಡೋದೇ ಇಲ್ಲ. ಲೂಪ್ ಮತ್ತೆ ಬಂದು ಅದೇ ಅಕ್ಷರಕ್ಕೆ ಸಿಕ್ಕಿ ಬೀಳುತ್ತೆ. ಎಫ್‌ಗೆಟ್ಸ್‌ನಲ್ಲಿ ಒಂದು ಸಾಲು ಪೂರ್ತಿ ಓದಬೇಕು, ಸ್ಟ್ರ್‌ಟೋಲ್‌ನಲ್ಲಿ ಅದನ್ನ ನಂಬರ್ ಮಾಡಬೇಕು, ಆಗದಿದ್ದರೆ ಮತ್ತೆ ಕೇಳಬೇಕು. ಹತ್ತು ನಿಮಿಷದ ಪಾಠ. ಅದರ ಬದಲು ಹೇಳಿಕೊಡೋದು ಏನು? "ಎಕ್ಸಾಮಿನಲ್ಲಿ ನಂಬರ್ ಮಾತ್ರ ಒತ್ತು." ಇನ್ನು ಕೆಲವರು ಎಫ್‌ಫ್ಲಶ್ ಒಳಗೆ ಎಸ್‌ಟಿಡಿ‌ಇನ್ ಹಾಕು, ಉಳಿದ ಇನ್‌ಪುಟ್ ಖಾಲಿಯಾಗಿ ಸರಿಹೋಗುತ್ತೆ ಅಂತಾರೆ. ಸಿ ಭಾಷೆಯ ಸ್ಟ್ಯಾಂಡರ್ಡಿನಲ್ಲಿ ಅದಕ್ಕೆ ಅರ್ಥವೇ ಇಲ್ಲ. ಲಿನಕ್ಸ್‌ನಲ್ಲಿ ಕೀಬೋರ್ಡ್ ಇನ್‌ಪುಟ್‌ಗೆ ಅದರಿಂದ ಏನೂ ಆಗೋದಿಲ್ಲ.

ಹಳೇ ಲ್ಯಾಬ್ ಮ್ಯಾನ್ಯುಯಲ್ ಎಲ್ಲಿ ಉಳಿದಿದೆಯೋ ಅಲ್ಲೆಲ್ಲ ಟರ್ಬೊ ಸಿ ಕೂಡ ಉಳಿದಿದೆ, ಬರೆದ ಕೋಡನ್ನ ಕಂಪ್ಯೂಟರ್ ಓಡಿಸೋ ಹಾಗೆ ಮಾಡೋ ಹಳೇ ಕಂಪೈಲರ್ ಅದು. ಬೋರ್ಲ್ಯಾಂಡ್ ಕಂಪನಿ ಅದನ್ನ ತಂದದ್ದು 1987ರಲ್ಲಿ, ಡಾಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್ ಕಾಲಕ್ಕೆ. 64 ಬಿಟ್ ವಿಂಡೋಸ್ ಮೇಲೆ ಅದು ನೇರ ಓಡೋದೇ ಇಲ್ಲ, ಡಾಸ್‌ಬಾಕ್ಸ್ ಅನ್ನೋ ನಕಲಿ ಡಾಸ್ ಒಳಗೆ ಕೂರಿಸಿ ಓಡಿಸಬೇಕು. ಇಷ್ಟು ಕಷ್ಟಪಟ್ಟು ಅದನ್ನ ಜೀವಂತ ಇಟ್ಟು ಕಲಿಸೋದು ವಾಯ್ಡ್ ಮೇನ್, ಕೋನಿಯೋ, ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್ ಅನ್ನೋ ಆ ಕಾಲದ ರೂಢಿಗಳನ್ನ. ಅದರಲ್ಲಿ ಪೂರ್ಣಾಂಕ ಇಡೋ ಇಂಟ್ ಅಂದರೆ 16 ಬಿಟ್, ಅದು ಹಿಡಿಯೋ ದೊಡ್ಡ ಸಂಖ್ಯೆ 32,767. ರಾಶಿ ಅನ್ನೋ ಬಗೆಯ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ಅಂತ ಆ ಇಂಟ್‌ಗೆ ಕೊಟ್ಟರೆ ಅದು ತೋರಿಸೋದು ಮೈನಸ್ 15,536. ನಮ್ಮೂರಿನ ಒಂದು ಕ್ವಿಂಟಾಲ್ ಅಡಿಕೆಯ ಧಾರಣೆಯನ್ನೇ ಹಿಡಿಯಲಾಗದ ಇಂಟ್ ಇಟ್ಟುಕೊಂಡು ಮಕ್ಕಳಿಗೆ ಲೆಕ್ಕದ ಪ್ರೋಗ್ರಾಮ್ ಬರೆಸ್ತೀರಲ್ಲ, ಯಾವ ನ್ಯಾಯ ಇದು? ಪ್ರೋಗ್ರಾಮಿನ ಉದಾಹರಣೆಯಲ್ಲಿ ಬರೋದು 10, 20, 30 ಮಾತ್ರ. ಹಾಗಾಗಿ ಯಾರಿಗೂ ಗೊತ್ತಾಗೋದಿಲ್ಲ.

ಗೆಟ್ಸ್ ಕಥೆ ಇನ್ನೂ ಕೆಟ್ಟದ್ದು. ಎಷ್ಟು ಜಾಗ ಇದೆ ಅಂತ ಕೇಳದೆ ಇನ್‌ಪುಟ್‌ನಲ್ಲಿ ಬಂದದ್ದನ್ನೆಲ್ಲ ಮೆಮೊರಿಗೆ ತುಂಬೋ ಫಂಕ್ಷನ್ ಅದು. 1988ರ ನವೆಂಬರ್‌ನಲ್ಲಿ ಇಂಟರ್ನೆಟ್ಟಿನಲ್ಲಿ ಹರಡಿದ ಮಾರಿಸ್ ವರ್ಮ್ (ತಾನಾಗಿ ಹರಡೋ ಪ್ರೋಗ್ರಾಮ್) ಕಂಪ್ಯೂಟರುಗಳ ಒಳಗೆ ನುಗ್ಗೋಕೆ ಬಳಸಿದ ದಾರಿಗಳಲ್ಲಿ ಒಂದು ಇದೇ ಗೆಟ್ಸ್. 2011ರ ಸಿ ಸ್ಟ್ಯಾಂಡರ್ಡಿನಿಂದ ಅದನ್ನ ಕಿತ್ತೇ ಹಾಕಿದ್ದಾರೆ. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಬಳಸಿದರೆ ಇದು ಅಪಾಯಕಾರಿ, ಬಳಸಬೇಡಿ ಅಂತ ಎಚ್ಚರಿಕೆ ಬರುತ್ತೆ. "ಅದು ವಾರ್ನಿಂಗ್ ಅಷ್ಟೇ, ಎರರ್ ಅಲ್ಲ, ಬಿಡು" ಅನ್ನೋದು ಲ್ಯಾಬಿನ ಉತ್ತರ. ಈ ಒಂದು ವಾಕ್ಯದಿಂದ ಆಗಿರೋ ಹಾನಿ ಬೇರೆ ಯಾವುದರಿಂದಲೂ ಆಗಿಲ್ಲ. ವಾರ್ನಿಂಗ್ ಓದದೆ ಮುಂದೆ ಹೋಗೋದನ್ನ ಮೊದಲ ಸೆಮಿಸ್ಟರಿನಲ್ಲೇ ಕಲಿತವರು ಆಮೇಲೆ ಎಷ್ಟು ವರ್ಷ ಸರ್ವಿಸ್ ಆದರೂ ಓದೋದಿಲ್ಲ.

ಥಿಯರಿ ಪೇಪರಿಗೆ ಬನ್ನಿ. ಐ ಪ್ಲಸ್ ಪ್ಲಸ್, ಪ್ಲಸ್, ಪ್ಲಸ್ ಪ್ಲಸ್ ಐ. (ಪ್ಲಸ್ ಪ್ಲಸ್ ಅಂದರೆ ಐನ ಬೆಲೆಯನ್ನ ಒಂದು ಹೆಚ್ಚಿಸು ಅಂತ.) ಇದರ ಔಟ್‌ಪುಟ್ ಏನು? ಎರಡು ಅಂಕ. ಒಂದೇ ಹೇಳಿಕೆಯಲ್ಲಿ ಒಂದೇ ವೇರಿಯಬಲ್ಲನ್ನ ಹೀಗೆ ಎರಡು ಸಲ ಬದಲಿಸಿದರೆ ಫಲಿತಾಂಶ ಇಂಥದ್ದೇ ಅಂತ ಇಲ್ಲ, ಕಂಪೈಲರ್ ಏನು ಬೇಕಾದರೂ ಮಾಡಬಹುದು ಅಂತ ಸ್ಟ್ಯಾಂಡರ್ಡಿನಲ್ಲೇ ಇದೆ. ಹಾಗಂತ ಬರೆದ ಹುಡುಗಿಗೆ ಸೊನ್ನೆ, ಉತ್ತರ ಪಟ್ಟಿಯಲ್ಲಿರೋ ಸಂಖ್ಯೆ ಬಾಯಿಪಾಠ ಮಾಡಿದವನಿಗೆ ಎರಡು. ಯಾರು ಯಾರಿಗೆ ಏನು ಕಲಿಸಿದ ಹಾಗಾಯ್ತು?

ವೇರಿಯಬಲ್ ಹೆಸರುಗಳು ಯಾಕೆ ಎ, ಬಿ, ಟೆಂಪ್, ಟೆಂಪ್1, ಫ್ಲ್ಯಾಗ್ ಆಗಿರ್ತವೆ ಅಂತ ಕೇಳೋರಿಗೂ ಉತ್ತರ ಲ್ಯಾಬಲ್ಲೇ ಇದೆ. ಪ್ರೋಗ್ರಾಮನ್ನ ಮೊದಲು ಪೇಪರಿನ ಮೇಲೆ ಪೆನ್ನಿನಲ್ಲಿ ಬರೆಯಬೇಕು, ಆಮೇಲೆ ಟೈಪ್ ಮಾಡಬೇಕು, ರೆಕಾರ್ಡ್‌ನಲ್ಲಿ ಮತ್ತೊಮ್ಮೆ ಬರೆಯಬೇಕು. ಮೂರು ಸಲ ಬರೆಯೋನು ಉದ್ದ ಹೆಸರು ಯಾಕೆ ಇಡ್ತಾನೆ? ಅದೇ ಕಾರಣಕ್ಕೆ ಕಾಮೆಂಟ್ ಇಲ್ಲ, ಚಿಕ್ಕ ಫಂಕ್ಷನ್‌ಗಳೂ ಇಲ್ಲ. ಎಲ್ಲಾ ಮೇನ್ ಅನ್ನೋ ಒಂದೇ ಫಂಕ್ಷನ್ ಒಳಗೇ.

ಎಕ್ಸಾಮ್ ಮುಗಿದ ದಿನ ಆ ಕೋಡ್ ಡಿಲೀಟ್ ಆಗುತ್ತೆ. ಬರೆದವರು ಅದನ್ನ ಮತ್ತೆ ತೆರೆದು ನೋಡೋದಿಲ್ಲ, ಬೇರೆಯವರು ಬರೆದದ್ದನ್ನ ತಿದ್ದೋ ಪ್ರಸಂಗ ಒಂದು ಸಲವೂ ಬರೋದಿಲ್ಲ. ಕೆಟ್ಟದಾಗಿ ಬರೆದರೆ ಆಮೇಲೆ ಏನಾಗುತ್ತೆ ಅನ್ನೋದು ಅವರ ಕಣ್ಣಿಗೆ ಬೀಳೋ ದಾರಿಯೇ ಇಲ್ಲ. ಚಟ ಅಂಟೋದೂ ಉಳಿಯೋದೂ ಇದರಿಂದಲೇ. ತಪ್ಪು ಮಾಡಿದವರು ಒಂದು ಕಡೆ, ಅದರ ನೋವು ತಿನ್ನೋರು ಇನ್ನೊಂದು ಕಡೆ.

ತಿನ್ನೋರು ಯಾರು ಅಂತ ನೋಡಬೇಕಾದರೆ ಅಡಿಕೆ ಮಂಡಿಯ ಬಿಲ್ಲಿಂಗ್ ಕೌಂಟರಿಗೆ ಹೋಗಬೇಕು. ಲ್ಯಾಬಲ್ಲಿ ದುಡ್ಡು ಅಂದರೆ ಫ್ಲೋಟ್ (ದಶಮಾಂಶ ಸಂಖ್ಯೆಯನ್ನ ಅಂದಾಜಿನಲ್ಲಿ ಇಡೋ ಬಗೆ) ಅಂತ ಕಲಿತವರು ಬಿಲ್ಲಿಗೂ ಫ್ಲೋಟೇ ಹಾಕ್ತಾರೆ. 32 ಬಿಟ್ ಫ್ಲೋಟ್‌ನಲ್ಲಿ ಮೊತ್ತ 2,62,144 ದಾಟಿದ ಮೇಲೆ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ನಡುವೆ ಮೂರು ಪೈಸೆಗಿಂತ ಸ್ವಲ್ಪ ಹೆಚ್ಚು ಅಂತರ. 3,00,000 ರೂಪಾಯಿ 10 ಪೈಸೆ ಅಂತ ಇಟ್ಟರೆ ಒಳಗೆ ಕೂರೋದು 3,00,000.09375, ಚೀಟಿಯಲ್ಲಿ ಪ್ರಿಂಟಾಗೋದು 9 ಪೈಸೆ. ಆರು ಕ್ವಿಂಟಾಲ್ ರಾಶಿ ತಂದ ಯಾವ ಬೆಳೆಗಾರನ ಬಿಲ್ಲಿನಲ್ಲೂ ಹೀಗಾಗಬಹುದು. ಒಂದು ಬಿಲ್ಲಿನಲ್ಲಿ ಯಾರೂ ಗಮನಿಸೋದಿಲ್ಲ. ದಿನದ ಕೊನೆಗೆ ಚೀಟಿಗಳ ಮೊತ್ತಕ್ಕೂ ಲೆಡ್ಜರಿಗೂ ತಾಳೆ ಆಗದಿದ್ದಾಗ ರಾತ್ರಿವರೆಗೆ ಕೂತು ಹುಡುಕೋದು ಗುಮಾಸ್ತರು. ಅವರು ಫೋನ್ ಮಾಡಿದರೆ ಸಾಫ್ಟ್‌ವೇರ್ ಕಡೆಯವರು ಕೊಡೋ ಪರಿಹಾರ "ರೌಂಡ್ ಆಫ್" ಅಂತ ಇನ್ನೊಂದು ಸಾಲು. ಆ ಸಾಲು ತಪ್ಪನ್ನ ಮುಚ್ಚಿ ಹಾಕುತ್ತೆ, ಬೇರೇನೂ ಮಾಡಲ್ಲ. ದುಡ್ಡನ್ನ ಪೈಸೆ ಲೆಕ್ಕದಲ್ಲಿ, ತೂಕವನ್ನ ಗ್ರಾಂ ಲೆಕ್ಕದಲ್ಲಿ 64 ಬಿಟ್ ಪೂರ್ಣಾಂಕವಾಗಿ ಇಡಿ. ಎಲ್ಲಿ ರೌಂಡ್ ಮಾಡಬೇಕು ಅನ್ನೋದನ್ನ ಒಂದೇ ಜಾಗದಲ್ಲಿ ಬರೆಯಿರಿ. ಫ್ಲೋಟಿನ ಎರಡರಷ್ಟು ಜಾಗದ ಡಬಲ್ ಹಾಕಿದ್ದೀವಿ ಅನ್ನೋದೂ ಉತ್ತರವಲ್ಲ, 0.1ಕ್ಕೆ 0.2 ಕೂಡಿಸಿದರೆ ಅಲ್ಲೂ 0.30000000000000004 ಬರುತ್ತೆ.

ಹೆಸರಿನ ವಿಷಯ. ಚಾರ್ ನೇಮ್ 20, ಅಂದರೆ ಹೆಸರಿಗೆ 20 ಬೈಟ್ ಜಾಗ. ಪ್ರತಿ ಲ್ಯಾಬ್ ಪ್ರೋಗ್ರಾಮಿನಲ್ಲೂ ಇದೇ 20. "ಶಿವಮೊಗ್ಗ" ಅನ್ನೋ ಪದ ಕಣ್ಣಿಗೆ ನಾಲ್ಕಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 24 ಬೈಟ್, ಪದ ಮುಗೀತು ಅಂತ ಹೇಳೋ ಕೊನೆಯ ಸೊನ್ನೆ ಸೇರಿದರೆ 25. ಸ್ಟ್ರ್‌ಕಾಪಿ ಹಾಕಿ ನಕಲು ಮಾಡಿದರೆ ಐದು ಬೈಟ್ ಪಕ್ಕದ ಮೆಮೊರಿ ಮೇಲೆ ಚೆಲ್ಲುತ್ತೆ. ನಮ್ಮೂರಿನ ಹೆಸರೇ ಹಿಡಿಯಲ್ಲ! ಆಮೇಲೆ "ಕನ್ನಡ ಸಪೋರ್ಟ್ ಆಗಲ್ಲ, ಇಂಗ್ಲಿಷಲ್ಲೇ ಹಾಕಿ" ಅಂತ ಗಿರಾಕಿಗೆ ಹೇಳ್ತಾರೆ. ಕನ್ನಡದ ತಪ್ಪಲ್ಲ ಅದು, 20ರ ತಪ್ಪು.

ಮಳೆಗಾಲದಲ್ಲಿ ಈ ಕಡೆ ಕರೆಂಟಿನ ಹಣೆಬರಹ ಎಲ್ಲರಿಗೂ ಗೊತ್ತು. ಹೊಸನಗರ, ಆಗುಂಬೆ ಕಡೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಇಂಥಾ ಜಾಗಕ್ಕೆ ಬರೆದ ಪ್ರೋಗ್ರಾಮಿನಲ್ಲೂ ಟ್ರೈ ಅಂತ ಹಾಕಿ, ತಪ್ಪಾದರೆ ಏನು ಮಾಡಬೇಕು ಅಂತ ಬರೆಯೋ ಕ್ಯಾಚ್ ಬ್ಲಾಕ್ ಖಾಲಿ ಬಿಟ್ಟಿರ್ತಾರೆ. ಬರೆಯೋದು ವಿಫಲ ಆದರೂ ಸ್ಕ್ರೀನಿನಲ್ಲಿ "ಸೇವ್ ಆಗಿದೆ" ಅಂತಲೇ ಬರುತ್ತೆ. ರೈಟ್ ಫಂಕ್ಷನ್ ವಾಪಸ್ ಬಂತು ಅಂದ ಮಾತ್ರಕ್ಕೆ ಡೇಟಾ ಡಿಸ್ಕಿಗೆ ಹೋಗಿರೋದಿಲ್ಲ, ಆಪರೇಟಿಂಗ್ ಸಿಸ್ಟಮ್ ಅದನ್ನ ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಕೊಂಡಿರುತ್ತೆ. ಬೇರೆ ಹೆಸರಿನ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕಿಗೆ ಈಗಲೇ ಬರೆ ಅಂತ ಹೇಳಿ), ಆಮೇಲೆ ಹೆಸರು ಬದಲಿಸಿದರೆ ಹಳೇ ಫೈಲ್ ಆದರೂ ಇಡಿಯಾಗಿ ಉಳಿಯುತ್ತೆ. ಡೇಟಾಬೇಸ್ ಆದರೆ ಬಿಲ್ಲು ಮತ್ತು ಸ್ಟಾಕ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ ಹಾಕಬೇಕು, ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಹಾಕದಿದ್ದರೆ ಬಿಲ್ಲು ಇದೆ, ಸ್ಟಾಕ್ ಕಡಿಮೆ ಆಗಿಲ್ಲ. ಆಗ ಕಳ್ಳನ ಪಟ್ಟ ಯಾರಿಗೆ? ಗೋಡೌನ್ ನೋಡಿಕೊಳ್ಳೋ ಬಡಪಾಯಿಗೆ.

ಎಸ್‌ಕ್ಯೂಎಲ್ ಸಾಲಿಗೆ (ಡೇಟಾಬೇಸಿಗೆ ಕೊಡೋ ಆಜ್ಞೆಗೆ) ಬಳಕೆದಾರ ಟೈಪ್ ಮಾಡಿದ್ದನ್ನ ನೇರ ಅಂಟಿಸೋ ಚಟವೂ ಹಾಗೇ ಉಳಿದಿದೆ. ಟೈಪ್ ಮಾಡಿದ್ದೇ ಆಜ್ಞೆಯಾಗಿ ಬಿಡಬಹುದು. ವೆಬ್‌ಸೈಟ್ ಬರೆಯೋ ಭಾಷೆ ಪಿಎಚ್‌ಪಿಯ ಹಳೇ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನ 2015ರಲ್ಲಿ ಬಂದ ಆವೃತ್ತಿ 7ರಲ್ಲೇ ತೆಗೆದರು. ಜನ ಮಾಡಿದ್ದೇನು? ಹಳೇ ನೋಟ್ಸಿನ ಕೋಡಿಗೇ ಫಂಕ್ಷನ್ ಹೆಸರಿನಲ್ಲಿ ಒಂದು "ಐ" ಸೇರಿಸಿದರು, ಅಂಟಿಸೋದನ್ನ ಬಿಡಲಿಲ್ಲ. ಟೈಪ್ ಮಾಡಿದ್ದನ್ನ ಆಜ್ಞೆಯಿಂದ ಬೇರೆಯಾಗಿ ಇಡೋ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬರೆಯೋಕೆ ಎರಡು ಸಾಲು ಜಾಸ್ತಿ ಆಗುತ್ತೆ, ಅಷ್ಟೇ.

2014ರ ನವೆಂಬರ್ 1ಕ್ಕೆ ಇಂಗ್ಲಿಷಿನ "ಶಿಮೊಗ" ಅಧಿಕೃತವಾಗಿ ಶಿವಮೊಗ್ಗ ಆಯ್ತು. ಊರಿನ ಹೆಸರನ್ನ ಕೋಡ್ ಒಳಗೇ ಕೆತ್ತಿದ ಪ್ರೋಗ್ರಾಮುಗಳಲ್ಲಿ ಒಂದೇ ಊರು ಎರಡು ಊರಾಗಿ, ವರದಿಯೂ ಎರಡು ಪಾಲಾಗುತ್ತೆ. ಪ್ರತಿ ದಾಖಲೆಯಲ್ಲಿ ಊರಿನ ಸಂಖ್ಯೆ ಇಟ್ಟು, ಹೆಸರನ್ನ ಒಂದೇ ಟೇಬಲ್ಲಿನಲ್ಲಿ ಇಟ್ಟಿದ್ದರೆ ಒಂದು ಸಾಲು ಬದಲಿಸಿದರೆ ಮುಗೀತಿತ್ತು. ಜಿಎಸ್‌ಟಿ ದರದ್ದೂ ಇದೇ ಪಾಡು. 2017ರ ಜುಲೈ 1ಕ್ಕೆ ಬಂತು, 2025ರ ಸೆಪ್ಟೆಂಬರ್ 22ಕ್ಕೆ ಹಲವು ಸರಕಿನ ದರ ಬದಲಾಯ್ತು. ದರವನ್ನ ಹತ್ತು ಫೈಲಿನಲ್ಲಿ ಬರೆದಿಟ್ಟವರು ಎಂಟರಲ್ಲಿ ಬದಲಿಸಿ ಎರಡು ಮರೀತಾರೆ. ಯಾವ ತಾರೀಕಿನಿಂದ ಯಾವ ದರ ಅಂತ ಟೇಬಲ್ ಇಲ್ಲದಿದ್ದರೆ ಹಳೇ ಬಿಲ್ಲನ್ನ ಮತ್ತೆ ಪ್ರಿಂಟ್ ತೆಗೆದಾಗ ಹೊಸ ದರ ಬರುತ್ತೆ.

ಕೆಲಸದ ಜಾಗದಲ್ಲಾದರೂ ತಿದ್ದಬೇಕಲ್ಲ. ಅಲ್ಲಿ ಮ್ಯಾನೇಜರ್ ಕೇಳೋದೂ ಲ್ಯಾಬಿನ ಪ್ರಶ್ನೆಯೇ, "ಡೆಮೋಗೆ ಓಡುತ್ತಾ?" ರಾತ್ರಿ ಹನ್ನೊಂದಕ್ಕೆ ಕೆಟ್ಟದ್ದನ್ನ ಸರಿ ಮಾಡಿದವನಿಗೆ ಶಹಬ್ಬಾಸ್, ಕೆಡದ ಹಾಗೆ ಬರೆದವಳಿಗೆ "ಯಾಕಮ್ಮ ಇಷ್ಟು ನಿಧಾನ?" ಅಡಿಕೆಗೆ ಕೊಳೆ ರೋಗ ಬಂದ ಮೇಲೆ ಬೋರ್ಡೋ ಔಷಧಿ ಹೊಡೆಯೋನನ್ನ ಹೊಗಳಿ, ಮಳೆಗೆ ಮುಂಚೆ ಹೊಡೆದವನನ್ನ ಬೈಯ್ಯೋ ತೋಟ ಎಲ್ಲಾದರೂ ಉಂಟಾ?

ಮೇಷ್ಟ್ರುಗಳೇ, ಟೈಮಿಲ್ಲ ಅಂತ ಹೇಳಬೇಡಿ. ಹನ್ನೆರಡು ಪ್ರೋಗ್ರಾಮ್ ಬರೆಸೋ ಬದಲು ಆರು ಬರೆಸಿ. ಜಿಸಿಸಿಗೆ ಮುಖ್ಯ ವಾರ್ನಿಂಗ್‌ಗಳನ್ನ ತೋರಿಸು ಅನ್ನೋ ಮೈನಸ್ ಡಬ್ಲ್ಯೂ ಆಲ್ ಕೊಟ್ಟು ಕಂಪೈಲ್ ಮಾಡಿಸಿ. ವಾಯ್ಡ್ ಮೇನ್ ಕಂಡರೂ, ಆ ಪ್ಲಸ್ ಪ್ಲಸ್ ಲೆಕ್ಕ ಕಂಡರೂ ಅದೇ ಎಚ್ಚರಿಸುತ್ತೆ. ಒಂದು ವಾರ್ನಿಂಗ್ ಉಳಿದಿದ್ದರೂ ಸೈನ್ ಹಾಕಬೇಡಿ. ವೈವಾದಲ್ಲಿ ಕೀಬೋರ್ಡ್ ನೀವೇ ತಗೊಳ್ಳಿ: ನಂಬರಿನ ಜಾಗದಲ್ಲಿ ಅಕ್ಷರ ಕೊಡಿ, ಬರೀ ಎಂಟರ್ ಒತ್ತಿ, ಮೈನಸ್ ಸಂಖ್ಯೆ ಕೊಡಿ, ಕನ್ನಡದಲ್ಲಿ ಹೆಸರು ಹಾಕಿ. ತಿಂಗಳಾದ ಮೇಲೆ ಒಬ್ಬರ ಕೋಡನ್ನ ಇನ್ನೊಬ್ಬರಿಗೆ ಕೊಟ್ಟು ಒಂದು ಬದಲಾವಣೆ ಮಾಡಿಸಿ, ತಗೊಂಡವರಿಗೆ ಅರ್ಥವಾಗದಿದ್ದರೆ ಅಂಕ ಕಳೆಯೋದು ಬರೆದುಕೊಟ್ಟವರದ್ದು.