ಸತ್ಯಾಂಶ: ಎರಡು 4 ಓಮ್ ಕ್ಯಾಬಿನೆಟ್ ಸೇರಿದರೆ 8 ಓಮ್ ಆಗುತ್ತದೆಯೇ?

"ಬೇಸ್ ಆಂಪ್‌ಗೆ ಎರಡು 4 ಓಮ್ ಕ್ಯಾಬಿನೆಟ್ ಹಾಕಿ, ಕೂಡಿದರೆ 8 ಓಮ್, ಆಂಪ್ ತಣ್ಣಗಿರುತ್ತೆ" ಎಂಬ ಸಂದೇಶ ಹರಿದಾಡುತ್ತಿದೆ. (ಬೇಸ್ ಆಂಪ್ ಎಂದರೆ ಬೇಸ್ ಗಿಟಾರ್‌ನ ಆಂಪ್ಲಿಫೈಯರ್, ಕ್ಯಾಬಿನೆಟ್ ಎಂದರೆ ಅದರ ಸ್ಪೀಕರ್ ಪೆಟ್ಟಿಗೆ, ಓಮ್ ಎಂದರೆ ವಿದ್ಯುತ್ ತಡೆಯ ಅಳತೆ.) ಲೆಕ್ಕ ತಲೆಕೆಳಗಾಗಿದೆ.

ಆಂಪ್ ಹಿಂಬದಿಯ ಎರಡು ಸ್ಪೀಕರ್ ಸಾಕೆಟ್‌ಗಳು ಸಾಮಾನ್ಯವಾಗಿ ಸಮಾಂತರ ಜೋಡಣೆಯವು. ಒಂದು ಕ್ಯಾಬಿನೆಟ್‌ನಿಂದ ಇನ್ನೊಂದಕ್ಕೆ ಕೇಬಲ್ ಎಳೆದರೂ ಅಷ್ಟೇ. ಕರೆಂಟಿಗೆ ಎರಡು ದಾರಿ ಸಿಕ್ಕಿ ತಡೆ ಇಳಿಯುತ್ತದೆ, ಆಂಪ್ ಹೆಚ್ಚು ಕರೆಂಟ್ ಕೊಡಬೇಕಾಗಿ ಬಿಸಿಯಾಗುತ್ತದೆ: ಎರಡು 8 ಓಮ್ ಸೇರಿದರೆ 4, ಎರಡು 4 ಓಮ್ ಸೇರಿದರೆ 2. ಎಂಟಕ್ಕೆ ನಾಲ್ಕು ಬೆರೆಸಿದರೆ ಸುಮಾರು 2.7; ಆಗ 4 ಓಮ್‌ನದೇ ಮೂರರಲ್ಲಿ ಎರಡು ಪಾಲು ಪವರ್ ಎಳೆದುಕೊಳ್ಳುತ್ತದೆ.

"ಕನಿಷ್ಠ 4 ಓಮ್" ಎಂದಿರುವ ಟ್ರಾನ್ಸಿಸ್ಟರ್ ಆಂಪ್‌ಗೆ 2 ಓಮ್ ಕೊಟ್ಟರೆ ಮೆಲ್ಲಗೆ ನುಡಿಸುವಾಗ ಏನೂ ಗೊತ್ತಾಗದಿರಬಹುದು. ಮೋಸ ಹೋಗುವುದೇ ಅಲ್ಲಿ. ವಾಲ್ಯೂಮ್ ಏರಿಸಿ ಇ ತಂತಿಯನ್ನು ಎಳೆದು ನುಡಿಸಿದಾಗ ಫ್ಯಾನ್ ಭೋರ್ಗರೆದು, ಸ್ವರ ನಡುವೆಯೇ ಕಡಿದು, ಪ್ರೊಟೆಕ್ಟ್ ದೀಪ ಹತ್ತುತ್ತದೆ. ಆ ರಕ್ಷಣೆಯೂ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು.

ಮುಂದೆ ಎರಡನೆಯ ಕ್ಯಾಬಿನೆಟ್ ಕೊಳ್ಳುವ ಯೋಚನೆಯಿದ್ದರೆ ಮೊದಲನೆಯದನ್ನೇ 8 ಓಮ್‌ನದು ತೆಗೆದುಕೊಳ್ಳಿ. 4 ಓಮ್‌ಗೆ 500 ವಾಟ್ ಕೊಡುವ ಆಂಪ್ 8 ಓಮ್‌ಗೆ 300ರಷ್ಟು ಕೊಟ್ಟರೂ ವ್ಯತ್ಯಾಸ ಸುಮಾರು 2 ಡೆಸಿಬಲ್ ಮಾತ್ರ.

ಲೇಬಲ್ ಅಳಿಸಿಹೋಗಿದೆಯೇ? ಕ್ಯಾಬಿನೆಟ್‌ಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 6ರ ಆಸುಪಾಸು ಬಂದರೆ 8 ಓಮ್‌ನದು, 3ರ ಆಸುಪಾಸಾದರೆ 4 ಓಮ್‌ನದು. ಆಂಪ್‌ನಿಂದ ಕ್ಯಾಬಿನೆಟ್‌ಗೆ ಹಾಕುವ ಕೇಬಲ್ ಸ್ಪೀಕರಿನದೇ ಇರಲಿ. ಗಿಟಾರ್ ಕೇಬಲ್‌ನ ಸಣ್ಣ ಎಳೆ ಬಿಸಿಯಾಗುತ್ತದೆ.

ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿರುವ ವಾಲ್ವ್ ಆಂಪ್‌ನ ಕಥೆ ಬೇರೆ: ಹಿಂದಿನ ಓಮ್ ಸ್ವಿಚ್ ಅನ್ನು ಕ್ಯಾಬಿನೆಟ್‌ಗೆ ಹೊಂದಿಸಬೇಕು, ಸ್ಪೀಕರ್ ಜೋಡಿಸದೆ ನುಡಿಸಲೇಬಾರದು.