ಪ್ರಯೋಗಾಲಯದಲ್ಲಿ ಏನೂ ಒಡೆದಿಲ್ಲ

ಪ್ರಾಥಮಿಕ ಶಾಲೆಯ ವಿಜ್ಞಾನ ಪ್ರಯೋಗಾಲಯ ಹೇಗೆ ನಡೆಯುತ್ತಿದೆ ಎಂದು ಮಕ್ಕಳನ್ನು ಕೇಳುವ ದಡ್ಡತನ ಯಾರೂ ಮಾಡುವುದಿಲ್ಲ. ದಾಸ್ತಾನು ಪುಸ್ತಕ ತೆಗೆದು ನೋಡುತ್ತಾರೆ. ಬೀಕರು 12 ಬಂದಿದ್ದವು, 12 ಇವೆ. ಭೂತಗನ್ನಡಿ 20 ಬಂದಿದ್ದವು, 20ಕ್ಕೆ 20 ಇವೆ, ಅದೂ ಪ್ಲಾಸ್ಟಿಕ್ ಕವರಿನ ಸಮೇತ. ಒಡೆದದ್ದು ಸೊನ್ನೆ, ಕಳೆದದ್ದು ಸೊನ್ನೆ, ಖರ್ಚಾದದ್ದು ಸೊನ್ನೆ. ಷರಾ: ಅತ್ಯುತ್ತಮ. ಗೋಡೆಯ ಮೇಲೆ ‘ಮಾಡಿ ಕಲಿ’ ಎಂಬ ಬಣ್ಣದ ಬರಹ, ಅದರ ಕೆಳಗೆ ಕಪಾಟು, ಕಪಾಟಿಗೆ ಬೀಗ. ಬೀಗದ ಕೈ ಹೆಡ್‌ಮೇಷ್ಟ್ರ ಡ್ರಾಯರಿನಲ್ಲಿ. ಡ್ರಾಯರಿಗೂ ಬೀಗ.

ಒಳಗಿರುವ ಸಾಮಾನಿಗೆ ಮಾತ್ರ ಈ ಶಿಸ್ತಿನ ಬೆಲೆ ಗೊತ್ತಿಲ್ಲ. ದಂಡಕಾಂತಗಳನ್ನು ಜೋಡಿಯಾಗಿ ಇಡಬೇಕು: ಒಂದರ ಉತ್ತರ ಧ್ರುವದ ಪಕ್ಕಕ್ಕೆ ಇನ್ನೊಂದರ ದಕ್ಷಿಣ ಧ್ರುವ, ನಡುವೆ ಮರದ ಪಟ್ಟಿ, ಎರಡೂ ತುದಿಗೆ ಅಡ್ಡವಾಗಿ ಮೆದು ಕಬ್ಬಿಣದ ತುಂಡು. ಅದು ಬಿಟ್ಟು ಡಬ್ಬಿಯಲ್ಲಿ ಹೇಗೆಂದರೆ ಹಾಗೆ ತುರುಕಿದರೆ ವರ್ಷಗಳು ಕಳೆದಂತೆ ಸೊರಗಿ, ಗುಂಡುಸೂಜಿ ಎತ್ತುವುದಕ್ಕೂ ಒಲ್ಲೆ ಎನ್ನುತ್ತವೆ. ರೋಬಾಟಿನ ಹೊಟ್ಟೆಯಲ್ಲೇ ಬಿಟ್ಟ ಆಲ್ಕಲೈನ್ ಸೆಲ್ಲು ಸೋರಿ, ಸ್ಪ್ರಿಂಗಿನ ಸುತ್ತ ಬಿಳಿ ಹುಡಿ ಕಟ್ಟಿ, ಲೋಹವನ್ನೇ ತಿಂದುಹಾಕುತ್ತದೆ. ಪುಸ್ತಕದ ಪ್ರಕಾರ ರೋಬಾಟು ಒಂದು ಬಂದಿತ್ತು, ಒಂದು ಇದೆ. ಅದು ನಡೆಯಬೇಕೆಂದು ಯಾವ ಕಾಲಮಿನಲ್ಲೂ ಬರೆದಿಲ್ಲ. 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ಕಂಡದ್ದು, ಅವರ ದಿಕ್ಸೂಚಿ ಮೇಜಿನ ಮೇಲಿದ್ದದ್ದರಿಂದ. ನಮ್ಮ ಕಪಾಟಿನ ಉಸ್ತುವಾರಿಯಲ್ಲಿದ್ದಿದ್ದರೆ ಇವತ್ತಿಗೂ ಅಲುಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಬೀಗ ತೆಗೆಯುವ ಮುಹೂರ್ತವೂ ಬರುತ್ತದೆ. ಅಂದು ವಿದ್ಯುತ್ಕಾಂತ, ಅಂದರೆ ಕರೆಂಟು ಹರಿಸಿ ಮೊಳೆಯನ್ನೇ ಕಾಂತ ಮಾಡಿ ಪಿನ್ನು ಎತ್ತಿಸುವ ಪ್ರಯೋಗ. ಮಕ್ಕಳು 40, ಮೊಳೆ 1. ಮೇಷ್ಟ್ರು ಮಾಡುತ್ತಾರೆ, ಮಕ್ಕಳು ಕೈಕಟ್ಟಿ ನೋಡುತ್ತಾರೆ. ‘ಕೈಯಾರೆ ಕಲಿಕೆ’ಯಲ್ಲಿ ಕೈ ಯಾರದ್ದು ಎಂದು ಸುತ್ತೋಲೆ ಸ್ಪಷ್ಟಪಡಿಸಿಲ್ಲವಲ್ಲ. ಮೊಳೆಗೆ ಹೊಳೆಯುವ ತಾಮ್ರದ ತಂತಿ ಸುತ್ತಿ, ಎರಡು ತುದಿಯನ್ನು ಸೆಲ್ಲಿಗೆ ಮುಟ್ಟಿಸುತ್ತಾರೆ. ಪಿನ್ನು ಕದಲುವುದಿಲ್ಲ. ಇನ್ನೊಂದು ಸೆಲ್ಲು ತರುತ್ತಾರೆ, ಆಗಲೂ ಕದಲುವುದಿಲ್ಲ. ಕೊನೆಗೆ “ಎತ್ತಿತು ಅಂತ ಬರ್ಕೊಳ್ಳಿ” ಎಂಬ ಅಪ್ಪಣೆಯಾಗುತ್ತದೆ. 40 ನೋಟ್‌ಬುಕ್ಕುಗಳಲ್ಲಿ ಪಿನ್ನು ಎದ್ದು ಮೊಳೆಗೆ ಅಂಟಿಕೊಳ್ಳುತ್ತದೆ.

ತಪ್ಪಿದ್ದು ಸೆಲ್ಲಿನಲ್ಲಲ್ಲ. ಆ ತಂತಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎನಾಮೆಲ್ ಲೇಪವಿದೆ. ಸುತ್ತುಗಳು ಒಂದಕ್ಕೊಂದು ತಾಗಿದರೂ ಶಾರ್ಟ್ ಆಗದಿರಲಿ ಎಂದೇ ಅದನ್ನು ಬಳಿದಿರುತ್ತಾರೆ. ಎರಡೂ ತುದಿಯಲ್ಲಿ ಎರಡೆರಡು ಸೆಂಟಿಮೀಟರು ಮರಳು ಕಾಗದದಿಂದ ಉಜ್ಜಿ, ಕೆಂಪು ತಾಮ್ರ ಕಾಣಿಸುವವರೆಗೂ ಲೇಪ ತೆಗೆಯದಿದ್ದರೆ ಕರೆಂಟು ಒಳಗೆ ಕಾಲಿಡುವುದೇ ಇಲ್ಲ. ಉಜ್ಜಿದ ಮೇಲೆ ಸುಮಾರು 10 ಸೆಂಟಿಮೀಟರಿನ ಕಬ್ಬಿಣದ ಮೊಳೆಗೆ 50 ಸುತ್ತು, ಎಲ್ಲವೂ ಒಂದೇ ದಿಕ್ಕಿನಲ್ಲಿ, 1.5 ವೋಲ್ಟಿನ ಒಂದು ಸೆಲ್ಲು, ಇಷ್ಟು ಸಾಕು. ಅರ್ಧ ಹೀಗೆ ಅರ್ಧ ಹಾಗೆ ಸುತ್ತಿದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಒಂದೊಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು: ತಂತಿ ಬಿಸಿಯಾಗಿ ಬೆರಳು ಚುರ್ ಎನ್ನುತ್ತದೆ, ಸೆಲ್ಲೂ ಬೇಗ ಸೋಲುತ್ತದೆ. ಉಜ್ಜದ ತಂತಿಯೊಂದನ್ನು, ಉಜ್ಜಿದ್ದೊಂದನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನೆ ಕೂತರೆ ಅವಾಹಕ ಎಂದರೇನು ಎಂದು ಬೋರ್ಡಿನ ಮೇಲೆ ಬರೆಯುವ ಕೆಲಸವೇ ಇರುವುದಿಲ್ಲ. ಆದರೆ ಪ್ರಯೋಗ ಕೈಕೊಡುವುದು ಪಠ್ಯಯೋಜನೆಯಲ್ಲಿಲ್ಲ.

ಮೋಂಬತ್ತಿಯ ಪ್ರಯೋಗ ಇನ್ನೂ ಗಟ್ಟಿ, ಯಾಕೆಂದರೆ ಅದು ಕೈಕೊಡುವುದೇ ಇಲ್ಲ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೋಂಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ನಂದುತ್ತದೆ, ನೀರು ಒಳಗೇರುತ್ತದೆ. “ನೋಡಿದ್ರಾ, ಆಮ್ಲಜನಕ ಸುಟ್ಟುಹೋಯಿತು, ಆ ಜಾಗಕ್ಕೆ ನೀರು ಬಂತು.” ಗಾಳಿಯಲ್ಲಿ ಆಮ್ಲಜನಕ 21 ಶೇಕಡಾ, ನೀರು ಏರಿದ್ದೂ ಹೆಚ್ಚುಕಡಿಮೆ ಐದನೇ ಒಂದು ಭಾಗ, ಲೆಕ್ಕ ಸರಿಹೋಯಿತು, ಚಪ್ಪಾಳೆ. ಹಿಂದಿನ ಬೆಂಚಿನ ಹುಡುಗಿ ಎದ್ದು, ಬತ್ತಿ ಉರಿಯುವಾಗ ಸುಮ್ಮನಿದ್ದ ನೀರು ನಂದಿದ ಮೇಲೆ ಯಾಕೆ ಸರ್ರನೆ ಏರಿತು ಎಂದು ಕೇಳಿದರೆ ಅವಳಿಗೆ ಕೂರಲು ಹೇಳಲಾಗುತ್ತದೆ. ನಿಜಕ್ಕೂ ಬತ್ತಿ ನಂದಿದಾಗ ಲೋಟದಲ್ಲಿ ಆಮ್ಲಜನಕ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಬಿಸಿಗೆ ಹಿಗ್ಗಿದ ಗಾಳಿ ಮೊದಲು ಅಂಚಿನಿಂದ ಗುಳ್ಳೆಯಾಗಿ ಹೊರಬಿದ್ದಿರುತ್ತದೆ. ಒಳಗುಳಿದದ್ದು ಜ್ವಾಲೆ ಆರಿ ತಣ್ಣಗಾದಾಗ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಪರೀಕ್ಷಿಸುವುದು ಸುಲಭ: ಅದೇ ಲೋಟದೊಳಗೆ ಒಂದರ ಬದಲು ಮೂರು ಬತ್ತಿ ಹಚ್ಚಿ. ಗಾಳಿ ಅಷ್ಟೇ ಇದ್ದರೂ ನೀರು ಇನ್ನೂ ಮೇಲೇರುತ್ತದೆ. ಎರಡು ಮೋಂಬತ್ತಿ ಹೆಚ್ಚಿಗೆ ಖರ್ಚಾಗುತ್ತದೆ, ಅದೇ ತೊಡಕು.

ಸೂಕ್ಷ್ಮದರ್ಶಕದ ಕಥೆ ಚುಟುಕು. ಈರುಳ್ಳಿಯ ಸಿಪ್ಪೆ ಒಂದೇ ಪದರವಿರಬೇಕು, ಅಯೋಡಿನ್ ಒಂದು ಹನಿ ಸಾಕು, ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ಮೆಲ್ಲಗೆ ಇಳಿಸಬೇಕು, ಕಡಿಮೆ ಶಕ್ತಿಯ ಮಸೂರದಿಂದ ಶುರುಮಾಡಬೇಕು. ಧಡಕ್ಕನೆ ಇಳಿಸಿದರೆ ಗಾಳಿಗುಳ್ಳೆ ಕೂರುತ್ತದೆ: ದುಂಡಗೆ, ಕಪ್ಪು ಅಂಚು, ಬಲು ಚಂದ. ಮಗು ಕಂಡದ್ದನ್ನೇ ಬರೆದರೆ ಸೊನ್ನೆ, ಕಣ್ಣು ಮುಚ್ಚಿ ಪುಸ್ತಕದ ಚಿತ್ರ ನಕಲು ಮಾಡಿದರೆ ಹತ್ತಕ್ಕೆ ಹತ್ತು. ಗುಳ್ಳೆಗೆ ‘ಕೋಶಕೇಂದ್ರ’ ಎಂದು ಬಾಣ ಹಾಕಿದವನಿಗೆ ಐದಾದರೂ ಕೊಡಬೇಕಿತ್ತು, ಅವನು ಮಸೂರದೊಳಗೆ ನೋಡಿದ್ದನಲ್ಲ.

ಇಷ್ಟರ ನಡುವೆ ತಂತ್ರಜ್ಞಾನ ಬಂತು, ತ್ರೀಡಿ ಪ್ರಿಂಟರಿನ ರೂಪದಲ್ಲಿ. ರಿಬ್ಬನ್ ಕತ್ತರಿಸಿದ ದಿನ ಅದು ಒಂದು ಕೀ-ಚೈನು ಮಾಡಿತು. ಪೀರಿಯಡ್ಡು 40 ನಿಮಿಷ, ಅಂಗೈ ಅಗಲದ ವಸ್ತುವಿಗೂ ಗಂಟೆಗಟ್ಟಲೆ ಬೇಕು, ಮಕ್ಕಳು 40. ಹೀಗಾಗಿ ಏಳನೆಯ ತರಗತಿಯ ಬೊಂಬೆಗಳೆಲ್ಲ ಮುಗಿಯುವಷ್ಟರಲ್ಲಿ ಅವರು ಶಾಲೆ ಬಿಟ್ಟಿರುತ್ತಾರೆ. ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ದಾರವನ್ನು ಸುಮಾರು 200 ಡಿಗ್ರಿಗೆ ಕರಗಿಸಿ, ಸುಮಾರು 60 ಡಿಗ್ರಿಯ ಹಾಸಿನ ಮೇಲೆ ಎಳೆ ಎಳೆಯಾಗಿ ಹಾಸುವ ಯಂತ್ರವದು. ಹಾಸು ಸಮವಿರದಿದ್ದರೆ, ಇಲ್ಲವೆ ಯಾರೋ ಎಣ್ಣೆಗೈಯಲ್ಲಿ ಸವರಿದ್ದರೆ, ಮೊದಲ ಪದರ ಅಂಟದೆ ಎದ್ದುಬರುತ್ತದೆ, ಉಳಿದದ್ದು ಶಾವಿಗೆಯ ಗೂಡು. ತೆರೆದಿಟ್ಟ ದಾರ ತೇವ ಹೀರಿ, ಚಟಚಟ ಎನ್ನುತ್ತಾ ಕೆಡುತ್ತದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಯಂತ್ರಕ್ಕೆ ಹೂವಿನ ಚಿತ್ರವಿರುವ ಬಟ್ಟೆ ಹೊದಿಸಿ, ಮೇಲೆ ಗ್ಲೋಬ್ ಕೂರಿಸಿರುತ್ತಾರೆ.

ಮುಂದಿನ ವರ್ಷದ ಬೇಡಿಕೆ ಪಟ್ಟಿ ಸಿದ್ಧವಾಗಿದೆ. ವರ್ಚುವಲ್ ರಿಯಾಲಿಟಿ ಕನ್ನಡಕ 10, ಅವನ್ನಿಡಲು ಗಾಜಿನ ಕಪಾಟು 1, ಬೀಗ 2. ವಿಜ್ಞಾನದ ಟೀಚರು ಕೆಳಗೆ ಪೆನ್ಸಿಲಿನಲ್ಲಿ ‘ಮರಳು ಕಾಗದ 5 ಹಾಳೆ’ ಎಂದು ಸೇರಿಸಿದ್ದರು. ಅದರ ಮೇಲೆ ಕೆಂಪು ಗೆರೆ ಬಿದ್ದಿದೆ. ಕಾರಣವನ್ನೂ ಬರೆದಿದ್ದಾರೆ: ‘ಬಳಸಿದರೆ ಸವೆಯುತ್ತದೆ.’