ಸಂಬಂಧ ಹುಡುಕುವ ಮೊದಲೇ ಒಂದು ರಕ್ತ ಪರೀಕ್ಷೆ

ಮದುವೆಗೆ ಮೊದಲು ಥಲಸ್ಸೇಮಿಯಾ, ಅಂದರೆ ಅಪ್ಪ ಅಮ್ಮನಿಂದ ಮಗುವಿಗೆ ಬರುವ ರಕ್ತದ ಕಾಯಿಲೆಯ, ಪರೀಕ್ಷೆ ಮಾಡಿಸಿ ಅಂತ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ನಾನು ಹೇಳುವುದು ಅದಕ್ಕಿಂತ ಮೊದಲಿನ ಮಾತು. ಹುಡುಗ ಹುಡುಗಿ ಹುಡುಕಲು ಶುರು ಮಾಡುವ ಮುಂಚೆಯೇ ಆ ಪರೀಕ್ಷೆ ಆಗಿರಬೇಕು. ಇಬ್ಬರದ್ದೂ.

ನಮ್ಮ ಶಿರಸಿ, ಕುಮಟಾ ಕಡೆ ಒಮ್ಮೆ ಜಾತಕ ಕೂಡಿ, ಹಾಲ್ ಬುಕ್ ಆಗಿ, ಅಡುಗೆ ಭಟ್ಟರಿಗೆ ಹೇಳಿ ಆದಮೇಲೆ ಯಾವ ರಿಪೋರ್ಟನ್ನೂ ಯಾರೂ ಸಮಾಧಾನದಿಂದ ಓದುವುದಿಲ್ಲ. "ಎಲ್ಲ ಕೂಡಿ ಬಂದಿದೆ ಮಾರಾಯಾ, ಈಗ ರಕ್ತ ಎಂತಕ್ಕೆ ನೋಡೂದು?" ಅಂತಾರೆ. ನೋಡಿದರೂ ದೋಷ ಹೊರಿಸುವುದು ಹುಡುಗಿಯ ಮೇಲೆ. ಅವಳ ರಕ್ತದಲ್ಲಿ ಎಂತದೋ ಇದೆಯಂತೆ ಅನ್ನುವ ಮಾತು ಘಟ್ಟ ಇಳಿದು ಕಾರವಾರ ಮುಟ್ಟಲು ಹೊತ್ತು ಬೇಕಿಲ್ಲ. ಹುಡುಗನ ರಕ್ತವನ್ನು ಯಾರೂ ಕೇಳಿಯೇ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ವಾಹಕ ಎಂದರೆ ಕಾಯಿಲೆಯ ಜೀನ್ ಒಂದನ್ನು ಹೊತ್ತವರು, ರೋಗಿ ಅಲ್ಲ. ಭಾರತದಲ್ಲಿ ನೂರಕ್ಕೆ ಸುಮಾರು 3ರಿಂದ 4 ಜನ ಬೀಟಾ ಥಲಸ್ಸೇಮಿಯಾ ವಾಹಕರು. ಹೆಚ್ಚೆಂದರೆ ಸ್ವಲ್ಪ ರಕ್ತ ಕಡಿಮೆ ಇರಬಹುದು, ಅಷ್ಟೇ. ಒಬ್ಬರು ವಾಹಕರಾಗಿ ಇನ್ನೊಬ್ಬರು ಯಾವುದರ ವಾಹಕರೂ ಅಲ್ಲದಿದ್ದರೆ ಮಗುವಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಆ ಕಾಯಿಲೆಯ ತೀವ್ರ ರೂಪ, ಬರುವ ಹೆದರಿಕೆ ಇಲ್ಲ. ಮದುವೆ ತಪ್ಪಿಸಲು ಅದು ಕಾರಣವೇ ಅಲ್ಲ. ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸುರಿನಲ್ಲೂ 25% ಸಾಧ್ಯತೆ. ಮೊದಲ ಮಗು ಆರಾಮಿದೆ ಅಂದ ಮಾತ್ರಕ್ಕೆ ಎರಡನೆಯದಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಒಬ್ಬರು ಥಲಸ್ಸೇಮಿಯಾ, ಇನ್ನೊಬ್ಬರು ಸಿಕಲ್ ಸೆಲ್ ಎಂಬ ಇನ್ನೊಂದು ರಕ್ತದ ಕಾಯಿಲೆಯ ವಾಹಕರಾದರೂ ಕಾಯಿಲೆಯ ಮಗು ಹುಟ್ಟುವ ಸಾಧ್ಯತೆ ಅಷ್ಟೇ ಇದೆ.

ಥಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಗೆ ಹಾಕಿದ ರಕ್ತದ ಕಬ್ಬಿಣ ಹೃದಯ, ಲಿವರ್‌ನಲ್ಲಿ ಸೇರುತ್ತದೆ. ಅದನ್ನು ತೆಗೆಯಲು ಮತ್ತೆ ಔಷಧ. ದೊಡ್ಡ ಚಿಕಿತ್ಸೆ ಅಂದರೆ ನಮ್ಮ ಜಿಲ್ಲೆಯವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡುವವರು. ಕೈಗೂಸನ್ನು ಎತ್ತಿಕೊಂಡು ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವ ತಾಯಿಯನ್ನು ಒಮ್ಮೆ ನೆನೆಸಿಕೊಳ್ಳಿ.

ಪರೀಕ್ಷೆ ದೊಡ್ಡದೇನಲ್ಲ. ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆ, ಜೊತೆಗೆ ಹಿಮೋಗ್ಲೋಬಿನ್ (ರಕ್ತದ ಕೆಂಪು ಅಂಶ) ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ. ಅದರಲ್ಲಿ ಒಂದು ಬಗೆಯಾದ ಹಿಮೋಗ್ಲೋಬಿನ್ ಎ2 ಸಾಮಾನ್ಯವಾಗಿ 3.5%ಗಿಂತ ಜಾಸ್ತಿ ಬಂದರೆ ವಾಹಕ ಎಂಬ ಅನುಮಾನ. ಸಿಕಲ್ ಸೆಲ್ ಕೂಡ ಇದರಲ್ಲೇ ಗೊತ್ತಾಗುತ್ತದೆ. ಕಬ್ಬಿಣದ ಕೊರತೆ ಇದ್ದರೆ ಎ2 ಕಡಿಮೆ ತೋರಿಸಬಹುದು, ಹಾಗಾಗಿ ರಿಪೋರ್ಟನ್ನು ಡಾಕ್ಟರೇ ನೋಡಲಿ. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದ ಹೆಣ್ಣುಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ಈ ಪರೀಕ್ಷೆ ಖಂಡಿತ ಆಗಬೇಕು.

ಸೋದರಿಕೆ ಮದುವೆಯ ಮಾತು ಬೇರೆ. ಅತ್ತೆ ಮಗಳು, ಮಾವನ ಮಗ ಎಂದರೆ ಜೀನ್‌ಗಳಲ್ಲಿ ಎಂಟನೇ ಒಂದು ಪಾಲು ಒಂದೇ. ಅಕ್ಕನ ಮಗಳಾದರೆ ನಾಲ್ಕನೇ ಒಂದು. ಮನೆತನದಲ್ಲಿ ಕಾರಣ ತಿಳಿಯದೆ ಮಗು ತೀರಿಕೊಂಡಿದ್ದರೆ, ಬುದ್ಧಿ ಬೆಳವಣಿಗೆ ನಿಂತ ಮಕ್ಕಳಿದ್ದರೆ ಎಚ್‌ಪಿಎಲ್‌ಸಿ ಒಂದೇ ಸಾಲದು. ಅದು ಎಲ್ಲ ಕಾಯಿಲೆ ಹಿಡಿಯುವ ಪರೀಕ್ಷೆ ಅಲ್ಲ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ (ಕೆಎಂಸಿ) ವಂಶದಲ್ಲಿ ಬರುವ ಕಾಯಿಲೆ ನೋಡುವ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ, ಅಲ್ಲಿ ಹೋಗಿ ಮಾತಾಡಿ. ಸುಮ್ನೆ ಜಾಹೀರಾತು ನೋಡಿ ದುಬಾರಿ ಪ್ಯಾಕೇಜ್ ತೆಗೆದುಕೊಳ್ಳಬೇಡಿ.

ಇಬ್ಬರೂ ವಾಹಕರು ಅಂತ ಗೊತ್ತಾದಮೇಲೂ ಮದುವೆಯಾಗುವವರು ಇದ್ದಾರೆ, ಆಗಲಿ. ಬಸುರಾದ 11 ವಾರದ ಹೊತ್ತಿಗೆ ಮಗುವಿನ ಪರೀಕ್ಷೆ ಮಾಡಿಸಬಹುದು. ಕಾಯಿಲೆ ತಿಳಿಯಲು ಕಾನೂನಿನ ಒಪ್ಪಿಗೆ ಇದೆ, ಗಂಡೋ ಹೆಣ್ಣೋ ನೋಡಲು ಮಾತ್ರ ಇಲ್ಲ. ಮುಂದೆ ಏನು ಎಂಬುದು ಆ ಇಬ್ಬರ ತೀರ್ಮಾನ. ಅತ್ತೆ ಮಾವ ಅದರಲ್ಲಿ ಬಾಯಿ ಹಾಕಬಾರದು.

ಕಾಲೇಜು ಮೇಷ್ಟ್ರುಗಳಿಗೆ ಒಂದು ಮಾತು. ರಕ್ತದಾನ ಶಿಬಿರ ಮಾಡುತ್ತೀರಿ, ಬ್ಲಡ್ ಗ್ರೂಪ್ ನೋಡಿ ಕಾರ್ಡ್ ಕೊಡುತ್ತೀರಿ. ಡಿಗ್ರಿ ಕೊನೆಯ ವರ್ಷದಲ್ಲಿ ಒಪ್ಪಿದವರಿಗೆ ಎಚ್‌ಪಿಎಲ್‌ಸಿಯನ್ನೂ ಮಾಡಿಸಿ. ರಿಪೋರ್ಟ್ ನೋಟಿಸ್ ಬೋರ್ಡಿಗೂ ಬೇಡ, ಅಪ್ಪನ ಕೈಗೂ ಬೇಡ. ಮುಚ್ಚಿದ ಲಕೋಟೆಯಲ್ಲಿ ಆ ಹುಡುಗ ಹುಡುಗಿಯ ಕೈಗೇ ಕೊಡಿ.